ಕೆಂಪು ಗಾಡಿಯ ಪಾಳಿ

ದೇವೀರಪ್ಪನ ಗಾಡಿ ಅಂಗಳದಲ್ಲಿ ಆ ವಾರ ಹದಿಮೂರು ಗಾಡಿಗಳು ನಿಂತಿದ್ದವು. ಅದರಲ್ಲಿ ನಮ್ಮ ಕೈಗೆ ಎಟುಕುವಂಥವು ಎರಡೇ. ಒಂದು ಬಿಳಿ ಬಣ್ಣದ, ಏಳು ಜನ ಕೂರುವ ದೊಡ್ಡ ಎಸ್‌ಯುವಿ. ಇನ್ನೊಂದು ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಅನ್ನುವಷ್ಟು ತಗ್ಗಿನ ಕೆಂಪು ಸ್ಪೋರ್ಟ್ಸ್ ಕಾರು. ಎರಡರ ಮುಂದಿನ ಗಾಜಿನ ಮೇಲೂ ದೇವೀರಪ್ಪ ಸುಣ್ಣದಲ್ಲಿ ಪಾಳಿ ಬರೆದಿದ್ದ. ಬಿಳಿಯದರ ಮೇಲೆ 'ಸಂಜೆ ಐದು ನಲವತ್ತು, ಡ್ಯಾನ್ಸ್ ಕ್ಲಾಸು, ಬೇಕರಿ, ಮನೆ' ಎಂದಿತ್ತು. ಕೆಂಪಿನದರ ಮೇಲೆ 'ಸಂಜೆ ಐದೂವರೆ, ನೀರಿನ ಟ್ಯಾಂಕಿನ ತಿರುವು, ಹತ್ತು ನಿಮಿಷ' ಎಂದಷ್ಟೇ ಇತ್ತು. ನನ್ನ ಹೆಂಡತಿ ಶಾಂಭವಿ ಎರಡನ್ನೂ ಓದಿ ಕೆಂಪು ಗಾಡಿಯ ಮುಂದೆ ನಿಂತಳು.

"ಹತ್ತು ನಿಮಿಷ ಅಲ್ಲಿ ಏನ್ಮಾಡುತ್ತೆ ಅದು?" ಎಂದು ಕೇಳಿದಳು.

"ಕಾಯುತ್ತೆ ಕಣಮ್ಮ," ಎಂದ ದೇವೀರಪ್ಪ. ಎಪ್ಪತ್ತು ದಾಟಿದ ಮನುಷ್ಯ, ಊರಿನ ಅರ್ಧದಷ್ಟು ಗಾಡಿಗಳು ಅವನ ಕೈ ಹಾದೇ ಬಂದಿದ್ದವು.

ನಮ್ಮೂರಲ್ಲಿ ಹೊಸ ಗಾಡಿ ಕೊಳ್ಳುವವರು ವರ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಗಾಡಿ ತನ್ನ ದಾರಿ ಕಲಿಯುವುದು ಮೊದಲು ಕೊಂಡವರಿಂದ ಮಾತ್ರ. ಮೂರು ವರ್ಷ ಹಿಡಿಯುತ್ತದೆ. ಕಲಿತ ಮೇಲೆ ಎಷ್ಟು ಕೈ ಬದಲಾದರೂ ದಿನಕ್ಕೊಮ್ಮೆ, ಅದರದೇ ಹೊತ್ತಿಗೆ, ತಾನಾಗಿ ಸ್ಟಾರ್ಟ್ ಆಗಿ ಮೊದಲಿನವರು ಹೋಗುತ್ತಿದ್ದ ಜಾಗಕ್ಕೆ ಹೋಗಿ ಬರುತ್ತದೆ. ಅದೇ ಪಾಳಿ. ನಿವೃತ್ತ ತಹಸೀಲ್ದಾರರ ಗಾಡಿಯನ್ನು ನಮ್ಮ ಬೀದಿಯ ಪುರೋಹಿತರು ಕೊಂಡರು. ಅದು ದಿನಾ ಹನ್ನೊಂದಕ್ಕೆ ತರಕಾರಿ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಹಿಂದಿನ ಬೀದಿಯ ಹಸಿರು ಬಾಗಿಲಿನ ಮನೆಯ ಮುಂದೆ ಗಾಜು ಏರಿಸಿಕೊಂಡು ಅರ್ಧ ಗಂಟೆ ನಿಲ್ಲುತ್ತದೆ. ಪುರೋಹಿತರು ಇವತ್ತಿಗೂ ಎದುರು ಸಿಕ್ಕವರಿಗೆಲ್ಲ "ನಾನಲ್ಲಪ್ಪಾ, ಗಾಡಿ" ಎಂದು ಹೇಳಿಕೊಂಡು ತಿರುಗುತ್ತಾರೆ. ತವರಿಗೆ ಹೋದ ತಹಸೀಲ್ದಾರರ ಹೆಂಡತಿ ಮಾತ್ರ ಇನ್ನೂ ಬಂದಿಲ್ಲ. ಇಂಥದ್ದನ್ನೆಲ್ಲ ಕಣ್ಣಾರೆ ಕಂಡ ಮೇಲೆ ಹೊಸದಕ್ಕೆ ಕೈ ಹಾಕುವ ಧೈರ್ಯ ಯಾರಿಗಿದೆ? ನಮ್ಮ ಗುಟ್ಟು ರಟ್ಟಾಗುವುದಕ್ಕಿಂತ ಇನ್ನೊಬ್ಬರ ಗುಟ್ಟನ್ನು ಮನೆ ಮುಂದೆ ನಿಲ್ಲಿಸಿಕೊಳ್ಳುವುದೇ ವಾಸಿ ಎಂದು ಎಲ್ಲರೂ ಹಳೆಯದನ್ನೇ ಕೊಳ್ಳುತ್ತಾರೆ.

ಒಗ್ಗಿಕೊಂಡವರಿಗೆ ಇದೇನೂ ದೊಡ್ಡ ತೊಂದರೆಯಲ್ಲ. ಪಾಳಿಯ ಹೊತ್ತಿಗೆ ಗೇಟು ತೆರೆದಿಟ್ಟರೆ ಸಾಕು. ಮರೆತು ಬೀಗ ಹಾಕಿದರೆ ಗಾಡಿ ಗೇಟಿಗೆ ಮೂತಿ ತಾಗಿಸಿಕೊಂಡು ನಿಂತು, ಪಾಳಿ ಮುಗಿಯುವ ತನಕ ಹಾರ್ನ್ ಹೊಡೆಯುತ್ತದೆ. ಸಂಜೆ ಐದೂವರೆಯಿಂದ ಆರೂವರೆಯವರೆಗೆ ಊರಿನ ಮುಕ್ಕಾಲು ಪಾಲು ಗಾಡಿಗಳ ಪಾಳಿ. ಆಗ ಗಡಿಯಾರದ ಸರ್ಕಲ್ಲಿನಲ್ಲಿ ಪೊಲೀಸಿನವನು ಒಳಗೆ ಯಾರೂ ಇಲ್ಲದ ಗಾಡಿಗಳಿಗೂ ಕೈ ತೋರಿಸುತ್ತಾನೆ, ಅವೂ ನಿಲ್ಲುತ್ತವೆ. ತೀರಿಕೊಂಡ ವಕೀಲರ ಗಾಡಿ ಹೋಟೆಲಿನ ಮುಂದೆ ಬಂದರೆ ಮಾಣಿ ಅರ್ಧ ಲೋಟ ಟೀ ತಂದು ಬಾನೆಟ್ಟಿನ ಮೇಲೆ ಇಟ್ಟು, ಆರಿದ ಮೇಲೆ ಚೆಲ್ಲಿ ಲೋಟ ಒಳಗೆ ಒಯ್ಯುತ್ತಾನೆ. ಟೀ ಇಡದ ದಿನ ಗಾಡಿ ಅಲ್ಲಿಂದ ಕದಲುವುದಿಲ್ಲ.

ನನ್ನದು ಕನ್ನಡಕದ ಅಂಗಡಿ. ಇಪ್ಪತ್ತಾರು ವರ್ಷದಿಂದ ಊರಿನವರ ಮೂಗಿನ ಮೇಲೆ ಯಾವ ಫ್ರೇಮು ಕೂರಬೇಕೆಂದು ತೀರ್ಮಾನಿಸಿಕೊಂಡು ಬಂದವನು ನಾನು. ಬಂದವರು ಒಂದು ಕೇಳಿದರೆ ನಾನು ಇನ್ನೊಂದು ಕೊಡುತ್ತಿದ್ದೆ. ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ ಎಂಬ ಹಮ್ಮು. ಶಾಂಭವಿ ಒಮ್ಮೆ ನೀಲಿ ಫ್ರೇಮು ಬೇಕು ಎಂದಿದ್ದಳು. "ನಿನ್ನ ಬಣ್ಣಕ್ಕೆ ನೀಲಿ ಹೊಂದಲ್ಲ" ಎಂದು ಕಂದು ಬಣ್ಣದ್ದು ಹಾಕಿಕೊಟ್ಟೆ. ಅವಳು ಅದನ್ನೇ ಆರು ವರ್ಷ ಹಾಕಿಕೊಂಡಳು. ಇದೊಂದೇ ಅಲ್ಲ, ನನ್ನ ಇನ್ನೊಂದು ಗುಣವನ್ನೂ ಈಗಲೇ ಹೇಳಿಬಿಡುತ್ತೇನೆ. ಎಲ್ಲಿಗೆ ಹೊರಟರೂ ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ. ಅಷ್ಟರಲ್ಲಿ ಅವಳು ಬರಬೇಕು. ಬರದಿದ್ದರೆ ಹೊರಟೇಬಿಡುತ್ತಿದ್ದೆ. ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತಾ ಅವಳು ಬೀದಿ ಕೊನೆಯವರೆಗೆ ಓಡಿ ಬಂದದ್ದುಂಟು, ಬರಲಾಗದೆ ಮನೆಗೆ ವಾಪಸಾದದ್ದೂ ಉಂಟು. ಆ ವರ್ಷ ಅವಳ ಮಂಡಿ ಹಿಡಿದುಕೊಂಡು ಸ್ಕೂಟರ್ ಹತ್ತುವುದು ಕಷ್ಟವಾಯಿತು. ಅದಕ್ಕೇ ಕಾರಿನ ಯೋಚನೆ.

ಹಳೆಯ ಗಾಡಿ ಕೊಳ್ಳುವ ಮೊದಲು ಪಾಳಿ ನೋಡುವುದು ನಮ್ಮಲ್ಲಿ ಕಡ್ಡಾಯ. ಹೆಣ್ಣು ನೋಡಲು ಹೋದಂತೆ ಗಂಡ ಹೆಂಡತಿ ಇಬ್ಬರೂ ಬಟ್ಟೆ ಬದಲಿಸಿಕೊಂಡು ಹೋಗಬೇಕು, ಗಾಡಿಯ ಜೊತೆ ಒಂದು ಸಲ ಪೂರ್ತಿ ಸುತ್ತಬೇಕು. ಮೊದಲ ದಿನ ಬಿಳಿ ಎಸ್‌ಯುವಿಯ ಪಾಳಿ. ಕಾಂಟ್ರಾಕ್ಟರ್ ಶಿವನಂಜಯ್ಯನದು ಆ ಗಾಡಿ. ಮಕ್ಕಳು ದೊಡ್ಡವರಾಗಿ ಮೀಸೆ ಬಂದು, ಅವರಿಗೆ ಅಪ್ಪನ ಗಾಡಿ ನಾಚಿಕೆಯಾಗಿ, ಮಾರಿದ್ದ. ದೇವೀರಪ್ಪ ಮುಂದೆ ಕೂತ, ನಾನು ಅವನ ಪಕ್ಕ. ಶಾಂಭವಿ ಮೆಟ್ಟಿಲಿನ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ನಡುವಿನ ಸಾಲಿನಲ್ಲಿ ಕೂತಳು. "ಮಂಡಿಗೆ ಗೊತ್ತೇ ಆಗಲಿಲ್ಲ ರೀ," ಎಂದಳು. ಐದು ನಲವತ್ತಕ್ಕೆ ಗಾಡಿ ಎದ್ದಿತು. ಡ್ಯಾನ್ಸ್ ಕ್ಲಾಸಿನ ಮುಂದೆ ನಿಂತು ಹಿಂದಿನ ಬಾಗಿಲು ತಾನೇ ತೆರೆಯಿತು. ಸೀಟು ಒಂದು ಸಲ ತಗ್ಗಿತು, ಆಮೇಲೆ ಇನ್ನೊಂದು ಸಲ. ಬೆಲ್ಟುಗಳು ತಾವಾಗಿ ಎಳೆದುಕೊಂಡು 'ಟಕ್' ಎಂದವು. ಗಾಡಿಯೊಳಗೆ ಹುಣಸೆ ಪೆಪ್ಪರಮೆಂಟಿನ ವಾಸನೆ ಬಂತು.

ನಾನು ಹಿಂತಿರುಗಿ ನೋಡಿದೆ. ಶಾಂಭವಿ ಎಡಗೈಯನ್ನು ಅಲುಗಾಡಿಸದೆ ಇಟ್ಟುಕೊಂಡು ಕೂತಿದ್ದಳು. ಅವಳ ರವಿಕೆಯ ತೋಳಿನ ಮೇಲೆ ಏನೋ ಒರಗಿದ ಹಾಗೆ ಬಟ್ಟೆ ಒತ್ತಿಕೊಂಡಿತ್ತು. ಬೇಕರಿ ಬಂತು, ಹೋಯಿತು, ಅವಳು ಕೈ ತೆಗೆಯಲಿಲ್ಲ. "ನಿದ್ದೆ ಮಾಡ್ತಿದೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ನಮಗೆ ಮಕ್ಕಳಿರಲಿಲ್ಲ. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಕೆಂಪು ಗಾಡಿ. ಅದು ಹಲ್ಲಿನ ಡಾಕ್ಟರು ಉತ್ತಯ್ಯನವರದು. ಮದುವೆಯಾಗದ, ಯಾರ ಗೋಜಿಗೂ ಹೋಗದ ಮನುಷ್ಯ. ಹಿಂದಿನ ವರ್ಷ ತೀರಿಕೊಂಡಿದ್ದರು. ಸಂಜೆ ಐದೂವರೆಗೆ ಸರಿಯಾಗಿ ಕ್ಲಿನಿಕ್ ಮುಚ್ಚಿ, ಗಾಳಿ ಸೇವನೆಗೆ ಹೋಗುತ್ತೇನೆ ಎನ್ನುತ್ತಿದ್ದರಂತೆ. ಅವರು ಹನ್ನೊಂದು ವರ್ಷ ದಿನಾ ನೀರಿನ ಟ್ಯಾಂಕಿನ ತಿರುವಿಗೆ ಹೋಗಿ, ಎಡಗಡೆ ಬಾಗಿಲು ತೆರೆದು, ಹತ್ತು ನಿಮಿಷ ಕಾದು ವಾಪಸು ಬರುತ್ತಿದ್ದರು ಎನ್ನುವುದು ಊರಿಗೆ ಗೊತ್ತಾದದ್ದು ಅವರು ಸತ್ತ ಮೇಲೆ, ಗಾಡಿಯಿಂದ. ಯಾರಿಗೆ ಕಾಯುತ್ತಿದ್ದರೋ ಅವರು ಬಂದಿರಲಿಲ್ಲ. ಅಷ್ಟಂತೂ ನಿಜ.

ಈ ಗಾಡಿಯ ಪಾಳಿಯನ್ನು ಒಳಗೆ ಕೂತು ನೋಡುವ ಹಾಗಿಲ್ಲ ಎಂದ ದೇವೀರಪ್ಪ. ನಾವು ಮೊದಲೇ ಆಟೊದಲ್ಲಿ ಹೋಗಿ ತಿರುವಿನ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ಐದೂ ಮುಕ್ಕಾಲಿಗೆ ಕೆಂಪು ಗಾಡಿ ಸದ್ದಿಲ್ಲದೆ ಬಂದು ನಮ್ಮೆದುರು ನಿಂತಿತು. ಡ್ರೈವರ್ ಸೀಟು ಯಾರೋ ಕೂತಷ್ಟು ತಗ್ಗಿತ್ತು. ಎಡಗಡೆಯ ಸೀಟು ಹೊಸದರಂತೆ ಉಬ್ಬಿಕೊಂಡಿತ್ತು. ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಟ್ಯಾಂಕಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹತ್ತು ನಿಮಿಷವಾದ ಮೇಲೆ ಬಾಗಿಲು ಹಾಕಿಕೊಂಡಿತು. ಅಷ್ಟು ನಿಧಾನವಾಗಿ ಬಾಗಿಲು ಹಾಕಿಕೊಳ್ಳುವ ಗಾಡಿಯನ್ನು ನಾನು ನೋಡಿರಲಿಲ್ಲ.

"ಬೇರೆ ಹೊತ್ತಲ್ಲಿ ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ ಸಾರ್," ಎಂದ ದೇವೀರಪ್ಪ. "ಪಾಳಿ ಹೊತ್ತಲ್ಲಿ ಮಾತ್ರ ಎಡಗಡೆ ಸೀಟಿಗೆ ಹೋಗಬಾರ್ದು."

"ಹೋದ್ರೆ?" ಎಂದಳು ಶಾಂಭವಿ.

"ಯಾರೂ ಬರಲಿಲ್ಲ ಅಂದ್ರೆ ವಾಪಸ್ ಬರೋದು ಹೆಂಗೆ ಅಂತ ಮಾತ್ರ ಈ ಗಾಡಿ ಕಲಿತಿರೋದಮ್ಮ. ಬಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ಡಾಕ್ಟ್ರು ಅಂದ್ಕೊಂಡಿದ್ರೋ ಯಾರಿಗೆ ಗೊತ್ತು?"

ಮನೆಗೆ ಬಂದು ನಾನು ಒಂದು ಹಾಳೆಯ ಮೇಲೆ ನಡುವೆ ಗೆರೆ ಎಳೆದು ಎರಡು ಗಾಡಿಗಳನ್ನೂ ಹೋಲಿಸಿ ಬರೆದೆ. ಬಿಳಿಯದು ಎಣ್ಣೆ ಕುಡಿಯುತ್ತದೆ, ನಮ್ಮ ಬೀದಿಯಲ್ಲಿ ತಿರುಗಿಸಲು ಆಗುವುದಿಲ್ಲ, ಪಾಳಿ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮೇಲಾಗಿ ಒಳಗೆ ಸದಾ ಯಾರೋ ಇದ್ದಾರೆ. ಕೆಂಪಿನದು ಹಗುರ, ಟೈರು ಹೊಸದು, ಪಾಳಿ ಚಿಕ್ಕದು, ಒಳಗೆ ಯಾರೂ ಇಲ್ಲ. ಖಾಲಿ ಗಾಡಿಯಿಂದ ಏನು ಅಪಾಯ ಬರುತ್ತದೆ ಎಂದು ನಾನು ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ, ಐವತ್ತೆರಡನೆಯ ವಯಸ್ಸಿನಲ್ಲಿ ಕೆಂಪು ಕಾರಿನಿಂದ ಅಂಗಡಿ ಮುಂದೆ ಇಳಿಯುವ ಆಸೆಯೂ ಇತ್ತು. ಅದನ್ನು ಹಾಳೆಯ ಮೇಲೆ ಬರೆಯಲಿಲ್ಲ.

ಶಾಂಭವಿ ಹಾಳೆಯನ್ನು ಓದಿ ಮಡಿಸಿಟ್ಟಳು. "ಕೆಂಪಿನದು ತುಂಬ ತಗ್ಗು ರೀ. ನನ್ನ ಮಂಡಿಗೆ ಕೂತರೆ ಏಳಕ್ಕಾಗಲ್ಲ. ಬಿಳಿದೇ ತಗೊಳ್ಳೋಣ. ಆ ಮಕ್ಕಳು ಇದ್ರೆ ಇರ್ಲಿ, ನಮಗೇನು ತೊಂದ್ರೆ ಕೊಡ್ತವೆ?"

"ಏಳು ಸೀಟು ಯಾರಿಗೆ?" ಎಂದೆ ನಾನು.

ಬೇರೆ ಯಾವ ಮಾತಾದರೂ ಆಡಬಹುದಿತ್ತು. ಅವಳು ಅಡುಗೆಮನೆಗೆ ಹೋಗಿ ಹಾಲು ಕಾಯಿಸಿಟ್ಟಳು, ನಾನು ಮರುದಿನ ಸ್ಕೂಟರ್ ಕೊಟ್ಟು, ಉಳಿದದ್ದಕ್ಕೆ ಹಣ ಕಟ್ಟಿ, ಕೆಂಪು ಗಾಡಿ ತಂದೆ. ಬಿಳಿಯದು ದೇವೀರಪ್ಪನ ಅಂಗಳದಲ್ಲೇ ಉಳಿಯಿತು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಗಾಡಿಯನ್ನು ಬೆಳಿಗ್ಗೆ ಒಂದು ಸುತ್ತು ಓಡಿಸಿ ಮನೆಯಲ್ಲಿ ಬಿಟ್ಟು ಅಂಗಡಿಗೆ ನಡೆದೇ ಹೋಗುತ್ತಿದ್ದೆ. ಸಂಜೆ ಐದು ಮೂವತ್ತೈದಕ್ಕೆ ಅದು ನನ್ನ ಅಂಗಡಿಯ ಮುಂದೆ ಹಾದು ತಿರುವಿನ ಕಡೆ ಹೋಗುತ್ತಿತ್ತು. ಗಿರಾಕಿಗಳ ಎದುರು "ನಮ್ಮದೇ" ಎನ್ನುತ್ತಿದ್ದೆ. ಶಾಂಭವಿ ಮಾತ್ರ ಅದರಲ್ಲಿ ಕೂತದ್ದು ಎರಡೇ ಸಲ. ಎರಡು ಸಲವೂ ಇಳಿಯಲು ನಾನು ಕೈ ಹಿಡಿದು ಎಳೆಯಬೇಕಾಯಿತು. ಎರಡನೆಯ ಸಲ ನಾನು ಫೋನಿನಲ್ಲಿ ಮಾತಾಡುತ್ತಾ ಮುಂದೆ ಹೋಗಿಬಿಟ್ಟಿದ್ದೆ. ತಿರುಗಿ ನೋಡಿದರೆ ಅವಳು ಇನ್ನೂ ಒಳಗೇ ಇದ್ದಳು.

ಅದಾದ ಮೇಲೆ ಅವಳು ಗಾಡಿಯ ಬಗ್ಗೆ ಬೇರೆ ರೀತಿ ಮಾತಾಡತೊಡಗಿದಳು. ಮೊದಲು ಪಾಳಿಗೆ ಹೊರಡುವಾಗ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಆಮೇಲೆ ಬಸ್ಸು ಹಿಡಿದು ತಿರುವಿಗೇ ಹೋಗಿ ಬೆಂಚಿನ ಮೇಲೆ ಕೂತು ಬರುವುದು ಶುರುವಾಯಿತು. ನನಗೆ ನಗು. "ನಮ್ಮ ಗಾಡಿ ನೋಡಕ್ಕೆ ನೀನು ಬಸ್ಸಲ್ಲಿ ಹೋಗ್ತೀಯಲ್ಲೇ," ಎಂದು ಛೇಡಿಸಿದೆ.

"ಇವತ್ತು ಹನ್ನೊಂದು ನಿಮಿಷ ನಿಂತಿತ್ತು," ಎಂದಳು ಒಂದು ದಿನ, ಊಟಕ್ಕೆ ಬಡಿಸುತ್ತಾ. "ನಾನು ಕೂತಿರೋದು ಅದಕ್ಕೆ ಗೊತ್ತಾಗಿದೆ."

"ನಿನ್ನ ವಾಚು ನಿಧಾನ ಇರ್ಬೇಕು."

ಮುಂದಿನ ವಾರ ಹನ್ನೆರಡು ಎಂದಳು. ತಿಂಗಳ ಕೊನೆಗೆ ಕಾಲು ಗಂಟೆ. ಗಾಡಿ ಮನೆಗೆ ಬರುವ ಹೊತ್ತು ತಡವಾಗುತ್ತಿದ್ದದ್ದನ್ನು ನಾನೂ ನೋಡಿದ್ದೆ. ಹಳೆಯ ಗಾಡಿ, ಇಂಜಿನ್ ಸುಸ್ತಾಗಿದೆ ಎಂದುಕೊಂಡೆ. ಪಾಳಿಯ ಹೊತ್ತು ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ ಎಂದು ನಮ್ಮೂರಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಗೊತ್ತಿದ್ದೂ ಹಾಗೆ ಅಂದುಕೊಂಡೆ. ಒಂದು ರಾತ್ರಿ ಊಟದ ಹೊತ್ತಿಗೆ ಅವಳು ತಟ್ಟೆ ನೋಡುತ್ತಾ ಕೇಳಿದಳು: "ನೀವು ಯಾವತ್ತಾದ್ರೂ ಯಾರಿಗಾದ್ರೂ ಹತ್ತು ನಿಮಿಷ ಕಾದಿದ್ದೀರಾ ರೀ?" ನಾನು ಯೋಚಿಸಿದೆ. ಕಣ್ಣಿನ ಡಾಕ್ಟರಿಗೆ ಒಮ್ಮೆ ಕಾದಿದ್ದೆ ಎಂದೆ. ಅವಳು ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಾಳೆಂದು ನನಗೂ ಖುಷಿಯಾಯಿತು.

ಆ ದಿನ ಗುರುವಾರ. ಐದು ಮೂವತ್ತೈದಕ್ಕೆ ಗಾಡಿ ಎಂದಿನಂತೆ ಅಂಗಡಿಯ ಮುಂದೆ ಖಾಲಿಯಾಗಿ ಹೋಯಿತು. ಎರಡು ನಿಮಿಷಕ್ಕೆ ಶಾಂಭವಿಯ ಫೋನು ಬಂತು.

"ರೀ, ನಾನು ತಿರುವಿನಲ್ಲಿದ್ದೀನಿ. ಡಿಕಾಕ್ಷನ್ ಇಳಿಸಿಟ್ಟಿದ್ದೀನಿ, ಬಂದು ಹಾಲು ಬಿಸಿ ಮಾಡ್ಕೊಳ್ಳಿ."

"ಯಾಕೆ, ನೀನು ಬರೋದು ತಡವಾಗುತ್ತಾ?"

ಟ್ಯಾಂಕಿನ ನೀರು ತೊಟ್ಟಿಕ್ಕುವುದು ಫೋನಿನಲ್ಲಿ ಕೇಳುತ್ತಿತ್ತು. "ಇವತ್ತು ಹತ್ತಬೇಕು ಅನ್ನಿಸ್ತಿದೆ," ಎಂದಳು.

ಕೈಯಲ್ಲಿದ್ದ ಗಾಜು ಕೆಳಗಿಟ್ಟು ಎದ್ದೆ. "ಶಾಂಭವಿ, ಬೇಡ. ಹತ್ತಬೇಡ. ನಾನು ಬರ್ತೀನಿ, ಅಲ್ಲೇ ಇರು."

"ಬನ್ನಿ. ಅದು ಎಷ್ಟು ಹೊತ್ತು ಕಾಯುತ್ತೋ ಅಷ್ಟು ಹೊತ್ತು ನಾನೂ ನಿಮಗೆ ಕಾಯ್ತೀನಿ. ಬಂದ್ರೆ ಜೊತೇಲಿ ಬಸ್ಸಲ್ಲಿ ಮನೆಗೆ ಹೋಗೋಣ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅಂಗಡಿಯ ಬಾಗಿಲು ಎಳೆಯದೆ ಓಡಿದೆ. ಬೀದಿಯಲ್ಲಿ ಆಟೊಗಳಿಗೇನೂ ಕೊರತೆಯಿರಲಿಲ್ಲ, ಆದರೆ ಅವೂ ಹಳೆಯವೇ. ಆ ಹೊತ್ತಿನಲ್ಲಿ ಎಲ್ಲವೂ ತಂತಮ್ಮ ಪಾಳಿಯ ಮೇಲೆ ಹೋಗುತ್ತಿದ್ದವು, ಡ್ರೈವರುಗಳು ಫುಟ್‌ಪಾತಿನಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ತಿರುವು ಆರು ಕಿಲೋಮೀಟರು. ಅಂಗಡಿಯ ಹಿಂದುಗಡೆಯೇ ದೇವೀರಪ್ಪನ ಅಂಗಳ. ಅಲ್ಲಿ ಬಿಳಿ ಎಸ್‌ಯುವಿ ನಿಂತಿತ್ತು, ಕೀಲಿ ಅದರಲ್ಲೇ ಇತ್ತು. ನಾನು ಹತ್ತಿ ಕೂತು ಬಾಗಿಲು ಹಾಕಿಕೊಂಡೆ.

"ಸಾರ್, ಇಳೀರಿ! ಅದರ ಪಾಳಿಗೆ ಒಂದೇ ನಿಮಿಷ ಇರೋದು!" ದೇವೀರಪ್ಪ ಎಲೆ ಅಡಿಕೆ ಉಗುಳಿ ಓಡಿ ಬಂದ.

"ಒಂದು ನಿಮಿಷದಲ್ಲಿ ಸರ್ಕಲ್ ದಾಟ್ತೀನಿ," ಎಂದು ಕೂಗಿದೆ. ಸರ್ಕಲ್ ದಾಟಿ ಟ್ಯಾಂಕಿನ ರಸ್ತೆಗೆ ಬಿದ್ದರೆ ಗಾಡಿ ಮನಸ್ಸು ಬದಲಾಯಿಸುತ್ತದೆ ಎಂದು ಯಾಕೆ ಅಂದುಕೊಂಡೆನೋ ಗೊತ್ತಿಲ್ಲ. ಕಾಯಲಾಗದವನ ತಲೆ ಹಾಗೆಯೇ ಓಡುವುದು. ಕೇಳಿದ್ದರೆ ದೇವೀರಪ್ಪ ತನ್ನ ಕೊಟ್ಟಿಗೆಯಲ್ಲಿದ್ದ ಸೈಕಲ್ ಕೊಡುತ್ತಿದ್ದ, ಅದಕ್ಕೆ ಪಾಳಿಯಿಲ್ಲ. ಸೈಕಲ್ಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತಿದ್ದೆ. ಇದನ್ನು ನಾನು ಆಮೇಲೆ ನೂರು ಸಲ ಲೆಕ್ಕ ಹಾಕಿದ್ದೇನೆ.

ಗಡಿಯಾರದ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿಸಲು ಹೋದೆ. ಸ್ಟೇರಿಂಗು ನನ್ನ ಕೈಯಲ್ಲಿ ಮೆತ್ತಗೆ ಎಡಕ್ಕೆ ತಿರುಗಿತು. ಬ್ರೇಕು ತುಳಿದೆ, ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ ಒಳಗೆ ಹೋಯಿತು. ಬಾಗಿಲು ಎಳೆದೆ, ತೆರೆಯಲಿಲ್ಲ. ಎದುರಿನ ಗಾಜಿನಲ್ಲಿ ದೇವೀರಪ್ಪ ಸುಣ್ಣದಲ್ಲಿ ಬರೆದ ಅಕ್ಷರಗಳು ಒಳಗಿನಿಂದ ತಿರುಗಾಮುರುಗಾ ಕಾಣುತ್ತಿದ್ದವು. ಗಾಡಿ ಮಕ್ಕಳಿರುವ ಅಪ್ಪನ ಹಾಗೆ ಹುಷಾರಾಗಿ, ಪ್ರತಿ ಗುಂಡಿಯನ್ನೂ ತಪ್ಪಿಸಿಕೊಂಡು, ಡ್ಯಾನ್ಸ್ ಕ್ಲಾಸಿನ ಕಡೆ ಹೊರಟಿತು.

ಅಲ್ಲಿ ನಿಂತು ಹಿಂದಿನ ಬಾಗಿಲು ತೆರೆದುಕೊಂಡಿತು. ನಾನು ಸೀಟು ಹಾರಿ ಹಿಂದಕ್ಕೆ ಹೋಗಿ ಇಳಿಯಲು ನೋಡಿದೆ. ಅಷ್ಟರಲ್ಲಿ ಯಾವುದೋ ಚಿಕ್ಕ ಭಾರ ನನ್ನ ಮೊಣಕಾಲಿಗೆ ತಾಗಿ ಒಳಕ್ಕೆ ನುಗ್ಗಿತು, ಅದರ ಹಿಂದೆ ಇನ್ನೊಂದು. ನಾನು ಹಿಂದೆ ಸರಿದೆ. ಬಾಗಿಲು ಹಾಕಿಕೊಂಡಿತು. 'ಟಕ್', 'ಟಕ್' ಎಂದು ಬೆಲ್ಟುಗಳು ಬಿದ್ದವು. ಶಾಂಭವಿಗೆ ಫೋನು ಮಾಡಿದೆ.

"ಎಲ್ಲಿದ್ದೀರಿ?" ಎಂದಳು.

"ಬರ್ತಿದ್ದೀನಿ, ಬರ್ತಿದ್ದೀನಿ. ಇನ್ನೇನು ಬಂದೆ."

ಆಗ ಗಾಡಿ ಬೇಕರಿಯ ಮುಂದೆ ನಿಂತಿತು, ಹಿಂದಿನ ಸೀಟಿನಲ್ಲಿ ಯಾರೋ ಸಡಗರದಲ್ಲಿ ಕುಣಿದಂತೆ ಸ್ಪ್ರಿಂಗು ಕಿರುಗುಟ್ಟಿತು. ಆ ಕಡೆ ಅವಳಿಗೆ ಅದು ಕೇಳಿಸಿರಬೇಕು. "ಬಿಳಿ ಗಾಡಿ ಹತ್ತಿದ್ರಾ?" ಎಂದಳು. ದನಿಯಲ್ಲಿ ಬೆರಗಿತ್ತು, ಒಂದಿಷ್ಟು ಸಂತೋಷವೂ ಇತ್ತೇನೋ. "ಮಕ್ಕಳು ಬಂದ್ವಾ?"

"ಬಂದ್ವು," ಎಂದೆ. ಬೇರೇನು ಹೇಳಲಿ? ನನಗೆ ಅಳು ಬರುತ್ತಿತ್ತು.

"ಇಲ್ಲಿ ಅರ್ಧ ಗಂಟೆ ಆಗ್ತಾ ಬಂತು ರೀ. ಪಾಪ, ಇನ್ನೂ ಬಾಗಿಲು ತೆಗೆದ್ಕೊಂಡೇ ನಿಂತಿದೆ." ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು.

ಬಿಳಿ ಗಾಡಿ ನನ್ನನ್ನು ಶಿವನಂಜಯ್ಯನ ಹಳೆಯ ಮನೆಯ ಮುಂದೆ ಇಳಿಸಿದಾಗ ಆರೂ ಇಪ್ಪತ್ತೈದು. ಅಲ್ಲಿಂದ ಓಡಿ, ನಡೆದು, ಮತ್ತೆ ಓಡಿ, ಕೊನೆಗೆ ಒಂದು ಬಸ್ಸು ಹಿಡಿದು ತಿರುವು ತಲುಪಿದಾಗ ಏಳು ದಾಟಿತ್ತು. ತಿರುವಿನಲ್ಲಿ ಗಾಡಿಯಿರಲಿಲ್ಲ. ಬೆಂಚಿನ ಮೇಲೆ ಒಂದು ಕನ್ನಡಕದ ಪೆಟ್ಟಿಗೆಯಿತ್ತು, ನನ್ನ ಅಂಗಡಿಯ ಹೆಸರಿದ್ದದ್ದು. ಒಳಗೆ ಅವಳ ಕಂದು ಫ್ರೇಮಿನ ಕನ್ನಡಕ, ಗಾಜು ಒರೆಸಿ, ಕಡ್ಡಿ ಮಡಿಸಿ ಇಟ್ಟಿತ್ತು. ಅಂಗಡಿಗೆ ಹಿಂತಿರುಗಿ ದೀಪ ಹಾಕಿದಾಗ ಗೋಡೆಯ ಮೇಲೆ ನೀಲಿ ಫ್ರೇಮಿನ ಜಾಗ ಖಾಲಿ ಕಂಡಿತು. ಎಷ್ಟು ದಿನದಿಂದ ಖಾಲಿಯಿತ್ತೋ ನಾನು ನೋಡಿರಲಿಲ್ಲ.

ಠಾಣೆಗೆ ಹೋದೆ. ಅಲ್ಲಿದ್ದವರು ಪೆನ್ನು ಹಿಡಿದು, "ಮನೆಯವರು ಕಾಣ್ತಿಲ್ಲ ಅಂತ ಬರ್ಕೊಳ್ಳೋದಾ, ಗಾಡಿ ಕಾಣ್ತಿಲ್ಲ ಅಂತ ಬರ್ಕೊಳ್ಳೋದಾ ಸಾರ್?" ಎಂದರು. ಪಾಳಿಯಲ್ಲಿ ಹೋದದ್ದು ಎಂದ ಮೇಲೆ ಪೆನ್ನು ಕೆಳಗಿಟ್ಟರು. ನೆಂಟರು ಬಂದರು, ಹೋದರು. ಅವಳ ಅಣ್ಣ ನನ್ನ ಮುಖ ನೋಡದೆ ಮಾತಾಡಿ ಹೋದ. ನಾನು ದಿನಾ ಸಂಜೆ ಬಸ್ಸಿನಲ್ಲಿ ಹೋಗಿ ಆ ಬೆಂಚಿನ ಮೇಲೆ ಕೂರತೊಡಗಿದೆ. ಬೇರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಕೆಂಪು ಗಾಡಿಯನ್ನು ನೋಡಿದೆ. ಸಂಜೆ ಬೆಳಕು ಇನ್ನೂ ಚೆನ್ನಾಗಿತ್ತು. ಊರ ಹೊರಗಿನ ಕಡೆಯಿಂದ ಬಂದು ತಿರುವಿನಲ್ಲಿ ಬಾಗಿತು. ಡ್ರೈವರ್ ಸೀಟು ತಗ್ಗಿತ್ತು, ಅಲ್ಲಿ ಯಾರೂ ಇರಲಿಲ್ಲ. ಎಡಗಡೆ ಶಾಂಭವಿ ಕೂತಿದ್ದಳು. ಗಾಜು ಇಳಿಸಿದ್ದಳು. ಬಲಕ್ಕೆ ತಿರುಗಿ, ಖಾಲಿ ಸೀಟಿನ ಕಡೆ ನೋಡುತ್ತಾ, ಕೈಯಾಡಿಸಿಕೊಂಡು ಏನೋ ಹೇಳಿ ನಗುತ್ತ ಇದ್ದಳು. ನೀಲಿ ಫ್ರೇಮು ಹಾಕಿದ್ದಳು. ಅವಳ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತಿತ್ತು. ನಾನು ಎದ್ದು ಹೆಸರು ಹಿಡಿದು ಕೂಗಿದೆ. ಗಾಡಿ ನಿಲ್ಲಲಿಲ್ಲ. ಅದು ಅಲ್ಲಿ ನಿಲ್ಲಬೇಕಾದ ಕಾರಣವೇ ಇರಲಿಲ್ಲ, ಯಾರಿಗಾಗಿ ನಿಲ್ಲುತ್ತಿತ್ತೋ ಅವರು ಈಗ ಒಳಗೇ ಇದ್ದರು.

ಮರುದಿನ ದೇವೀರಪ್ಪನ ಬಳಿ ಹೋಗಿ, "ಹೊಸ ಗಾಡಿ ತರಿಸಿಕೊಡು" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೊಸದಾ? ಯೋಚ್ನೆ ಮಾಡಿ ಸಾರ್. ಮೂರು ವರ್ಷ ಆದ್ಮೇಲೆ ನೀವು ದಿನಾ ಏನ್ ಮಾಡ್ತೀರಾ ಅಂತ ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಅದಕ್ಕೇ ಬೇಕು."

ಚಿಕ್ಕ ಗಾಡಿ, ನಾಲ್ಕು ಬಾಗಿಲು, ಬೂದು ಬಣ್ಣ. ಮಂಡಿ ನೋವಿದ್ದವರಿಗೆ ಹತ್ತಲು ಇಳಿಯಲು ಸರಿಯಾದ ಎತ್ತರ. ಸೀಟಿನ ಎತ್ತರವನ್ನು ನಾನು ಟೇಪು ಹಿಡಿದು ಅಳೆದೇ ತಂದೆ. ದಿನಾ ಐದೂವರೆಗೆ ಅಂಗಡಿ ಮುಚ್ಚುತ್ತಿದ್ದೆ. ಮಳೆಯಲ್ಲಿ ಹೋದೆ, ಜ್ವರದಲ್ಲಿ ಹೋದೆ, ಸೋದರಮಾವ ತೀರಿಕೊಂಡ ದಿನವೂ ಸ್ನಾನ ಮಾಡಿ ಹೋದೆ. ತಿರುವಿನಲ್ಲಿ ನಿಲ್ಲಿಸಿ, ಎಡಗಡೆ ಬಾಗಿಲು ತೆರೆದು ಕೂರುತ್ತಿದ್ದೆ. ಹಾರ್ನ್ ಹೊಡೆಯುತ್ತಿರಲಿಲ್ಲ. ಮೊದಲ ವಾರ ಹತ್ತು ನಿಮಿಷ ಕೂರುವಷ್ಟರಲ್ಲಿ ಪ್ರಾಣ ಹೋದಂತಾಗುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ ಒಂದು ಗಂಟೆ ಕೂತರೂ ತಿಳಿಯುತ್ತಿರಲಿಲ್ಲ. ಕೆಂಪು ಗಾಡಿ ಆಮೇಲೆ ನಾಲ್ಕು ಸಲ ಹಾದು ಹೋಗಿದೆ. ಒಮ್ಮೆ, ನನ್ನ ತೆರೆದ ಬಾಗಿಲಿನ ಪಕ್ಕ ಬಂದಾಗ ಸ್ವಲ್ಪ ನಿಧಾನವಾದಂತೆ ಕಂಡಿತು. ಶಾಂಭವಿ ಈ ಕಡೆ ತಿರುಗಿದಳು. ನನ್ನನ್ನು ನೋಡಿದಳೋ, ಗಾಡಿಯ ಸೀಟನ್ನು ನೋಡಿದಳೋ ಹೇಳಲಾರೆ.

ಮೊನ್ನೆ ಸೋಮವಾರ ಒಬ್ಬ ಅಜ್ಜಿಗೆ ಗಾಜು ಕೂರಿಸುತ್ತಾ ಹೊತ್ತು ಮರೆತೆ. ಅವರು ಹಸಿರು ಫ್ರೇಮು ಕೇಳಿದ್ದರು, ಹಸಿರೇ ಕೊಡುತ್ತಿದ್ದೆ. ಹೊರಗೆ ಇಂಜಿನ್ ಸದ್ದಾಯಿತು. ಕೀಲಿ ನನ್ನ ಜೇಬಿನಲ್ಲಿತ್ತು. ಬಾಗಿಲಿಗೆ ಬಂದು ನೋಡುವಷ್ಟರಲ್ಲಿ ಬೂದು ಗಾಡಿ ಹಿಂದಕ್ಕೆ ಸರಿದು, ರಸ್ತೆಗೆ ತಿರುಗಿ ಹೊರಟಿತ್ತು. ಡ್ರೈವರ್ ಸೀಟು ನನ್ನ ಭಾರದಷ್ಟೇ ತಗ್ಗಿತ್ತು, ನಾನು ಕೂರುವ ಹಾಗೆಯೇ ಬಲಕ್ಕೆ ಒಂದಿಷ್ಟು ವಾಲಿಕೊಂಡು. ನಿಲ್ಲು ಎಂದು ಕೂಗುತ್ತಾ ಬೀದಿ ಕೊನೆಯವರೆಗೆ ಓಡಿದೆ. ನನಗಾಗಿ ಅದು ಕಾಯಲಿಲ್ಲ.

ಸರ್ಕಲ್ಲಿನ ಪೊಲೀಸಿನವನು ಅದಕ್ಕೆ ಕೈ ತೋರಿಸಿ ದಾರಿ ಬಿಟ್ಟ, ಆಮೇಲೆ ನನ್ನ ಕಡೆ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಹೋಟೆಲಿನವರು, ಬೀಡಿ ಸೇದುತ್ತಿದ್ದ ಆಟೊದವರು, ಎಲ್ಲರೂ ನೋಡಿದರು. ನನ್ನ ಪಾಳಿ ಇನ್ನು ಊರಿನ ಸೊತ್ತು. ನಾನು ಸತ್ತ ಮೇಲೂ ಯಾರದೋ ಮನೆಯಿಂದ ಹೊರಟು ಆ ತಿರುವಿನಲ್ಲಿ ಬಾಗಿಲು ತೆರೆದು ನಿಲ್ಲುತ್ತದೆ. ಗಾಡಿ ತಾನೇ ಹೋಗುವಾಗ ನೀವು ಯಾಕೆ ಹೋಗ್ತೀರಿ ಸಾರ್, ಅಂಗಡಿ ನೋಡ್ಕೊಳ್ಳಿ ಎಂದು ದೇವೀರಪ್ಪ ಹೇಳಿದ. ಅವನು ಹೇಳುವುದೂ ಸರಿಯೇ. ಆದರೆ ಈಗ ದಿನಾ ಐದೂ ಇಪ್ಪತ್ತಕ್ಕೇ ಅಂಗಡಿ ಮುಚ್ಚಿ, ಗಾಡಿ ಬರುವ ಮೊದಲೇ ಬಸ್ಸಿನಲ್ಲಿ ಹೋಗಿ ಬೆಂಚಿನ ಮೇಲೆ ಕೂತಿರುತ್ತೇನೆ. ಕಾಯುತ್ತಿರುವುದು ಗಾಡಿಯಲ್ಲ, ನಾನು ಎಂದು ಅವಳಿಗೆ ಗೊತ್ತಾಗಬೇಕಲ್ಲ.